ಪೆಡಲು ನಡುಗಿದರೆ ಕಾಲು ತೆಗೆಯಬೇಡಿ

ಮೊದಲ ಮಳೆ ಬಿದ್ದ ಮರುದಿನ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೂಡುಬಿದಿರೆಯಿಂದ ವೇಣೂರು ಮಾರ್ಗವಾಗಿ ಬೆಳ್ತಂಗಡಿಗೆ ಕಾರಿನಲ್ಲಿ ಬರುತ್ತಿದ್ದ. ತಿರುವಿನಲ್ಲಿ ದನ ಅಡ್ಡ ಬಂತು. ಬ್ರೇಕು ಒತ್ತಿದೊಡನೆ ಪೆಡಲು ಕಾಲಿನಡಿ ಗಡಗಡನೆ ನಡುಗಿತು. ಗಾಬರಿಯಿಂದ ಕಾಲೆತ್ತಿದ, ಕಾರು ಚರಂಡಿಗಿಳಿಯಿತು. ಪುಣ್ಯಕ್ಕೆ ದನವೂ ಉಳಿಯಿತು, ಹುಡುಗನೂ ಉಳಿದ. "ಬ್ರೇಕ್ ಫೇಲ್ ಆಯ್ತು ಸರ್" ಎಂದು ನನ್ನಲ್ಲಿ ಹೇಳಿದ. ಫೇಲಾಗಿರಲಿಲ್ಲ. ಬ್ರೇಕಿನೊಳಗಿನ ಎಬಿಎಸ್ ಕೆಲಸ ಮಾಡುತ್ತಿದ್ದುದರ ಗುರುತೇ ಆ ನಡುಕ.

ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳವನ್ನು ನೆನಪಿಸಿಕೊಳ್ಳಿ. ಪಾದ ನೆಲ ಕಚ್ಚಿರುವಷ್ಟು ಹೊತ್ತು ಬೇಕಾದ ಕಡೆ ತಿರುಗಬಹುದು. ಒಮ್ಮೆ ಜಾರಿದರೆ ಹೋದತ್ತ ಹೋಗುವುದೇ! ಗಾಲಿಯೂ ಹಾಗೆಯೇ. ಉರುಳುವ ಗಾಲಿಯಲ್ಲಿ ನೆಲ ಮುಟ್ಟಿದ ಭಾಗ ಆ ಕ್ಷಣಕ್ಕೆ ನಿಶ್ಚಲ. ಅಲ್ಲಿರುವುದು ಸ್ಥಾಯಿ ಘರ್ಷಣೆ. ಗಾಲಿ ಪೂರ್ತಿ ಬಿಗಿದು ನಿಂತರೆ ಟಯರು ಜಾರತೊಡಗುತ್ತದೆ. ಜಾರು ಘರ್ಷಣೆ ಸಾಮಾನ್ಯವಾಗಿ ಕಡಿಮೆ, ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ.

ಎಬಿಎಸ್ ಇರುವ ಕಾರಿನಲ್ಲಿ ಪ್ರತಿ ಗಾಲಿಯ ವೇಗವನ್ನು ಒಂದು ಸೆನ್ಸರ್ ಅಳೆಯುತ್ತದೆ. ಗಾಲಿ ಬಿಗಿಯುವ ಸೂಚನೆ ಕಂಡರೆ ಬ್ರೇಕ್ ಎಣ್ಣೆಯ ಒತ್ತಡವನ್ನು ಕ್ಷಣ ಸಡಿಲಿಸಿ ಮತ್ತೆ ಒತ್ತುತ್ತದೆ, ಸೆಕೆಂಡಿಗೆ ಹಲವು ಬಾರಿ. ಆ ಮಿಡಿತವೇ ಕಾಲಿಗೆ ತಾಗುವುದು. ಬಾಷ್ ಕಂಪನಿಯ ಈ ವ್ಯವಸ್ಥೆ 1978ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಂತು. ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದದ್ದು 2019ರಲ್ಲಿ. ಆದ್ದರಿಂದ ಒತ್ತಿದ ಕಾಲು ಒತ್ತಿಯೇ ಇರಲಿ, ಕೈ ದಾರಿಯತ್ತ ತಿರುಗಿಸಲಿ. ಎಬಿಎಸ್ ಇಲ್ಲದ ಹಳೆಯ ಕಾರಿನಲ್ಲಿ ಮಾತ್ರ ಗಾಲಿ ಜಾರಿದರೆ ಬ್ರೇಕನ್ನು ತುಸು ಸಡಿಲಿಸಿ ಮತ್ತೆ ಒತ್ತಬೇಕು.

"ಎಬಿಎಸ್ ಉಂಟಲ್ಲ, ಎಷ್ಟು ವೇಗವಾದರೂ ಹೋಗಬಹುದು" ಎನ್ನುವ ಮಕ್ಕಳಿದ್ದಾರೆ, ಅಪ್ಪಂದಿರೂ ಇದ್ದಾರೆ! ಲೆಕ್ಕ ಹಾಕಿ ನೋಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತೇವೆ. ಕಾಲು ಪೆಡಲಿಗೆ ಬರುವ ಮೊದಲೇ ಅಷ್ಟು ದೂರ ಮುಗಿದಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲಿನ ದೂರ ನಾಲ್ಕು ಪಟ್ಟು. ಸಡಿಲ ಜಲ್ಲಿಯ ಮೇಲಂತೂ ಎಬಿಎಸ್ ಇದ್ದರೆ ನಿಲ್ಲಲು ಇನ್ನಷ್ಟು ದೂರ ಬೇಕಾಗಬಹುದು.

ಬಂಟ್ವಾಳ, ಬೆಳ್ತಂಗಡಿಯವರಿಗೆ ಚಾರ್ಮಾಡಿ ಘಾಟಿ ಪರಿಚಿತ. ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟೇ ಇದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಲ್ಲಿ ಎಬಿಎಸ್ ನೆರವಿಗೆ ಬಾರದು. ತಗ್ಗಿನ ಗೇರಿನಲ್ಲಿ ಇಳಿಯಬೇಕು. ಹೊರಡುವ ಮುನ್ನ ಡ್ಯಾಶ್‌ಬೋರ್ಡ್ ನೋಡಿ: ಇಂಜಿನ್ ಚಾಲೂ ಆದ ಮೇಲೂ ಎಬಿಎಸ್ ದೀಪ ಉರಿಯುತ್ತಲೇ ಇದ್ದರೆ ಗ್ಯಾರೇಜಿಗೆ ಒಯ್ದು ತೋರಿಸಿ.