ಹೊಳೆ ಏರೋ ಮುಂಚೆ ಹರಿಗೋಲು ಮೇಲೆತ್ತಿ
ದಾವಣಗೆರೆಯಲ್ಲಿ ಬಿಸಿಲು ಕಾಯ್ತಿರುತ್ತೆ, ಸುಮಾರು 14 ಕಿ.ಮೀ. ಆಚೆ ಹರಿಹರದಲ್ಲಿ ತುಂಗಭದ್ರೆ ದಡ ಏರುತ್ತಿರುತ್ತಾಳೆ. ಮಳೆ ಬಿದ್ದಿರೋದು ಶೃಂಗೇರಿ, ತೀರ್ಥಹಳ್ಳಿ ಕಡೆ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು; ಬೇಗ ತುಂಬುತ್ತೆ, ಗೇಟು ಎತ್ತುತ್ತಾರೆ. ಆ ನೀರು ಕೂಡಲಿಯಲ್ಲಿ ಭದ್ರೆ ಜೊತೆ ಸೇರಿ, ಹೊನ್ನಾಳಿ ದಾಟಿ ಇಲ್ಲಿಗೆ ಬರುತ್ತೆ. ಹಾಗಾಗಿ ದಡದಲ್ಲಿ ಹರಿಗೋಲು ಇಟ್ಟವರು ತಲೆ ಮೇಲಿನ ಮೋಡ ನೋಡಿದರೆ ಸಾಲದು. ಅಣೆಕಟ್ಟಿನ ಹೊರಹರಿವನ್ನೂ ಫೋನಲ್ಲಿ ನೋಡ್ತಿರಬೇಕು.

ಹರಿಗೋಲು ಹಗುರ. ಅದೇ ಗುಣ, ಅದೇ ದೋಷ. ಮೇ ತಿಂಗಳ ಗಾಳಿಗೆ ಬುಟ್ಟಿ ಉರುಳಿದ ಹಾಗೆ ಉರುಳುತ್ತೆ. ಬಾಯಿ ಮೇಲೆ ಮಾಡಿ ಬಿಟ್ಟರೆ ಇನ್ನೊಂದು ಪಜೀತಿ: 2 ಮೀಟರ್ ಅಗಲದ ಹರಿಗೋಲಿಗೆ 10 ಸೆಂ.ಮೀ. ಮಳೆ ಬಿದ್ದರೆ 300 ಲೀಟರ್‌ಗೂ ಹೆಚ್ಚು ನೀರು ನಿಲ್ಲುತ್ತೆ. ಮೂರು ಕ್ವಿಂಟಲ್ ಭಾರಕ್ಕೆ ಬಿದಿರು ಬಾಗದೆ ಇರುತ್ತಾ? ಹಳೇ ನೆರೆ ಗುರುತಿಗಿಂತ ಮೇಲಕ್ಕೆ ಒಯ್ದು, ಬೋರಲು ಹಾಕಿ, ಅಡ್ಡಡ್ಡ ಹಗ್ಗ ಬಿಗಿದು ಮರಕ್ಕೆ ಕಟ್ಟಿ. ಗೂಟ ನಂಬಬೇಡಿ, ನೆನೆದ ಮಣ್ಣಲ್ಲಿ ಕಿತ್ತು ಬರುತ್ತೆ.

ನೀರಲ್ಲೇ ಬಿಡೋದು ಅನಿವಾರ್ಯವಾದರೆ ಹಗ್ಗ ಉದ್ದ ಇರಲಿ. ಗಿಡ್ಡ ಹಗ್ಗ, ಹೊಳೆ ಏರಿದಾಗ ಅಂಚನ್ನೇ ಕೆಳಗೆಳೆದು ಮುಳುಗಿಸುತ್ತೆ.

ಕರಾವಳಿಯ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಕಡ್ಡಾಯ ರಜೆ. ಆದರೂ 2021ರ ತೌಕ್ತೆ ಚಂಡಮಾರುತ ಬಂದಿದ್ದು ಮೇನಲ್ಲೇ! ನಮ್ಮ ಹೊಳೆಗಂತೂ ಕ್ಯಾಲೆಂಡರೇ ಇಲ್ಲ. ಹುಟ್ಟು, ಹಗ್ಗ ಮೊದಲೇ ಮನೆಗೆ ತಂದಿಡಿ. ನಡುರಾತ್ರಿ ನೀರು ಏರಿದರೆ ಹರಿಗೋಲು ಬಿಡಿಸೋಕೆ ಹೊಳೆಗೆ ಇಳಿಯಬೇಡಿ, ಹೋದರೆ ಹೋಗಲಿ.