ಏರ್ ರೈಫಲ್ ಅಭ್ಯಾಸವೂ ಮೊಣಕೈ ನೋವೂ

ಹೆಮ್ಮಕ್ಕಳ ಕೈಗೆ ಸೂಜಿಯೂ ಲೇಖನಿಯೂ ಮಾತ್ರವೇ ಒಪ್ಪುವುವೆಂದು ಹಿರಿಯರು ಎಣಿಸುತ್ತಿದ್ದ ಕಾಲವೊಂದಿತ್ತು. ಆ ಕಾಲವು ಕಳೆದುಹೋಯಿತು. ಈಗ ಅನೇಕ ಬಾಲಿಕೆಯರು ಎನ್. ಸಿ. ಸಿ. ಶಿಬಿರಗಳಲ್ಲಿಯೂ ಊರಿನ ಗುರಿ ತರಬೇತಿ ಕೇಂದ್ರಗಳಲ್ಲಿಯೂ ಬಂದೂಕು ಹಿಡಿದು ಗುರಿಯಿಡಲು ಕಲಿಯುತ್ತಿದ್ದಾರೆ. ಈ ವಿದ್ಯೆಯು ಮನಸ್ಸಿಗೆ ಏಕಾಗ್ರತೆಯನ್ನೂ ಉಸಿರಿಗೆ ಹದವನ್ನೂ ಕೊಡುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರೊಡನೆಯೇ ಒಂದು ತೊಂದರೆಯೂ ಬರುವುದುಂಟು. ದಿನವೂ ಏರ್ ರೈಫಲ್ ಹಿಡಿಯುವ ಹುಡುಗಿಗೆ ಕೆಲವು ವಾರಗಳಾದ ಮೇಲೆ ಮೊಣಕೈಯಲ್ಲಿ ನೋವು ಕಾಣಿಸಿಕೊಳ್ಳಬಹುದು. ತಂಡದಿಂದ ತೆಗೆದುಬಿಟ್ಟಾರೆಂಬ ಭಯದಿಂದ ಆಕೆ ಅದನ್ನು ಮುಚ್ಚಿಡುವಳು. ಮನೆಯಲ್ಲಿ ತಿಳಿದರೆ ‘ಇನ್ನು ಆ ಬಂದೂಕಿನ ಸಹವಾಸವೇ ಬೇಡ’ ಎಂದು ತಾಯ್ತಂದೆಗಳು ನಿಲ್ಲಿಸಿಬಿಡುವರು. ಇವೆರಡೂ ತಕ್ಕ ದಾರಿಗಳಲ್ಲ. ನೋವಿನ ಕಾರಣವನ್ನು ತಿಳಿದರೆ ಬಹುಮಟ್ಟಿಗೆ ಅದನ್ನು ತಡೆಯಲೂ ಬಹುದು, ಬಂದುದನ್ನು ಕಳೆಯಲೂ ಬಹುದು. ಆದಕಾರಣ ಈ ವಿಷಯವನ್ನು ಪೂರ್ವ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಸ್ವಲ್ಪ ವಿವರವಾಗಿ ಇಡಲು ನಾವು ಬಯಸುತ್ತೇವೆ.

ಮೊದಲು ಈ ಆಟದ ಸ್ವರೂಪವನ್ನು ಅರಿಯಬೇಕು. ಸ್ಪರ್ಧೆಯ ಏರ್ ರೈಫಲ್ಲಿನಲ್ಲಿ ಮದ್ದು ಇಲ್ಲ. ಒತ್ತಿದ ಗಾಳಿಯೇ 4.5 ಮಿಲಿಮೀಟರಿನ ಸೀಸದ ಗುಂಡನ್ನು ಹೊರಕ್ಕೆ ದೂಡುವುದು. ಗುರಿಯು 10 ಮೀಟರ್ ದೂರದಲ್ಲಿರುವುದು. ಅದರ ನಡುವಣ ಹತ್ತು ಅಂಕದ ಚುಕ್ಕೆಯ ಅಗಲವು ಅರ್ಧ ಮಿಲಿಮೀಟರ್ ಮಾತ್ರ. ಮಹಿಳೆಯರ ಈ ಸ್ಪರ್ಧೆಯು 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಸೇರಿತು. ಮೊದಲು ಮಹಿಳೆಯರಿಗೆ 40 ಗುಂಡುಗಳಿದ್ದುವು. 2018ರಿಂದ ಪುರುಷರಂತೆಯೇ 60 ಗುಂಡುಗಳಾದುವು. ಬಂದೂಕಿನ ತೂಕವು 5.5 ಕಿಲೋಗ್ರಾಂ ಮೀರಕೂಡದೆಂದು ನಿಯಮವುಂಟು. ಸ್ಪರ್ಧಿಯು ನಿಂತುಕೊಂಡೇ ಗುರಿಯಿಡಬೇಕು. ಭುಜಕ್ಕೆ ಕಟ್ಟುವ ಪಟ್ಟಿಯ ಆಸರೆಯಿಲ್ಲ. ನಮ್ಮ ನಾಡಿನ ಚಿಕ್ಕಬಳ್ಳಾಪುರದಲ್ಲಿ ಜನಿಸಿದ ಸುಮಾ ಶಿರೂರ್ ಅವರು 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಈ ಸ್ಪರ್ಧೆಯ ಅಂತಿಮ ಸುತ್ತನ್ನು ಮುಟ್ಟಿದುದನ್ನು ಅನೇಕರು ಬಲ್ಲರು.

ಸಾಮಾನ್ಯವಾಗಿ ಜನರು ‘ಬಂದೂಕು ಹಿಂದಕ್ಕೆ ಒದೆಯುವುದರಿಂದ ಕೈ ನೋಯುತ್ತದೆ’ ಎಂದು ಭಾವಿಸುವರು. ಏರ್ ರೈಫಲ್ಲಿನ ವಿಷಯದಲ್ಲಿ ಇದು ತಪ್ಪು. ಗುಂಡಿನ ತೂಕವು ಸುಮಾರು ಅರ್ಧ ಗ್ರಾಂ. ಬಂದೂಕಿನ ತೂಕವಾದರೋ ಅದಕ್ಕೆ ಹತ್ತು ಸಾವಿರ ಪಾಲು ಹೆಚ್ಚು. ಇಷ್ಟು ಸಣ್ಣ ಗುಂಡು ಹಾರಿಹೋದಾಗ ಅಷ್ಟು ಭಾರವಾದ ಬಂದೂಕು ಕೈಯನ್ನು ನೋಯಿಸುವಂತೆ ಒದೆಯಲಾರದು. ನೋವಿನ ಮೂಲವನ್ನು ಬೇರೆ ಕಡೆ ಹುಡುಕಬೇಕು. ಅದು ಬಂದೂಕನ್ನು ಎತ್ತುವುದರಲ್ಲಿ, ಹಿಡಿಯುವುದರಲ್ಲಿ ಮತ್ತು ಗಾಳಿಯನ್ನು ಒತ್ತುವುದರಲ್ಲಿ ಇದೆ.

ಮೊಣಕೈಯ ರಚನೆಯನ್ನು ನೋಡೋಣ. ತೋಳಿನ ಮೂಳೆಯ ಕೆಳತುದಿಯಲ್ಲಿ ಎರಡು ಗುಬುಟುಗಳಿವೆ; ಬೆರಳಿನಿಂದ ಒತ್ತಿದರೆ ಎರಡೂ ಕೈಗೆ ಸಿಕ್ಕುವುವು. ಹೊರಗಣ ಗುಬುಟಿಗೆ ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಅಂಟಿಕೊಂಡಿವೆ. ಒಳಗಣದಕ್ಕೆ ಮಣಿಕಟ್ಟನ್ನೂ ಬೆರಳುಗಳನ್ನೂ ಮಡಿಸುವ ಸ್ನಾಯುಗಳು. ನಾವು ಏನನ್ನಾದರೂ ಬಿಗಿಯಾಗಿ ಹಿಡಿದಾಗ ಮಡಿಸುವ ಸ್ನಾಯುಗಳಷ್ಟೇ ದುಡಿಯುವುವೆಂದು ತೋರುವುದು. ವಾಸ್ತವದಲ್ಲಿ ಮಣಿಕಟ್ಟು ಕುಸಿಯದಂತೆ ತಡೆಯಲು ಹೊರಗಣ ಸ್ನಾಯುಗಳೂ ಅಷ್ಟೇ ಬಿಗಿಯಬೇಕು. ಸ್ನಾಯುವಿಗೆ ರಕ್ತದ ಪೂರೈಕೆ ಧಾರಾಳವಾಗಿದೆ. ಅದು ಬೇಗನೆ ಬಲಗೊಳ್ಳುವುದು. ಆದರೆ ಅದನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿಗೆ ರಕ್ತವು ಕಡಿಮೆ. ಅದು ಬಹು ನಿಧಾನವಾಗಿ ಹೊಂದಿಕೊಳ್ಳುವುದು. ಅಭ್ಯಾಸವನ್ನು ಒಮ್ಮೆಗೇ ಹೆಚ್ಚಿಸಿದರೆ ಸ್ನಾಯುವು ತಾಳಿಕೊಂಡರೂ ರಜ್ಜುವಿನ ಎಳೆಗಳು ಸವೆಯತೊಡಗುವುವು. ಅಲ್ಲಿಂದ ನೋವು ಆರಂಭ.

ಈ ಬೇನೆಯು ಬಂದೂಕಿನವರಿಗೆ ಮೀಸಲಾದುದಲ್ಲ. 1873ರಲ್ಲಿ ರುಂಗೆ ಎಂಬ ಜರ್ಮನ್ ವೈದ್ಯರು ಇದನ್ನು ಬರೆಯುವವರ ಬೇನೆಯಾಗಿ ವರ್ಣಿಸಿದರು. ಸುಮಾರು ಹತ್ತು ವರ್ಷಗಳ ಮೇಲೆ ಇಂಗ್ಲೆಂಡಿನ ವೈದ್ಯರು ಇದನ್ನು ಟೆನ್ನಿಸ್ ಆಟಗಾರರಲ್ಲಿ ಕಂಡರು. ಅಂದಿನಿಂದ ‘ಟೆನ್ನಿಸ್ ಮೊಣಕೈ’ ಎಂಬ ಹೆಸರು ನಿಂತಿತು. ರ‍್ಯಾಕೆಟ್ಟನ್ನು ಎಂದೂ ಮುಟ್ಟದ ಗೃಹಿಣಿಯರಿಗೂ ಬಟ್ಟೆ ಹಿಂಡಿ ಹಿಂಡಿ, ನೀರಿನ ಕೊಡ ಎತ್ತಿ ಎತ್ತಿ ಇದು ಬರುವುದುಂಟು. ಮಗಳ ನೋವನ್ನು ತಾಯಿಯು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲಳೆಂದು ನಾವು ನಂಬುವುದು ಇದಕ್ಕಾಗಿಯೇ.

ಇನ್ನು ಗುರಿಯಿಡುವವರಲ್ಲಿ ಕಾಣುವ ಕಾರಣಗಳನ್ನು ಒಂದೊಂದಾಗಿ ಹೇಳುವೆವು.

ಮೊದಲನೆಯದು, ಬಂದೂಕಿಗೆ ಗಾಳಿಯನ್ನು ತುಂಬುವ ಕೆಲಸ. ಕಲಿಯುವವರ ಕೈಗೆ ಬಹಳವಾಗಿ ಸಿಕ್ಕುವುದು ನಳಿಕೆಯನ್ನು ಮುರಿದಂತೆ ಬಗ್ಗಿಸಿ ಸ್ಪ್ರಿಂಗನ್ನು ಒತ್ತುವ ಬಂದೂಕು. ಪ್ರತಿ ಗುಂಡಿಗೂ ನಳಿಕೆಯನ್ನು ಕೆಳಕ್ಕೆ ಎಳೆಯಬೇಕು. ಇದಕ್ಕೆ 12 ಕಿಲೋಗ್ರಾಮಿನಷ್ಟು ಬಲ ಬೇಕಾಗುವ ಬಂದೂಕೊಂದನ್ನು ಎಣಿಸಿದರೆ, 60 ಗುಂಡುಗಳ ಅಭ್ಯಾಸದಲ್ಲಿ ಒಂದೇ ಕೈಯು ಒಟ್ಟು 720 ಕಿಲೋಗ್ರಾಮಿನಷ್ಟು ಎಳೆದಂತಾಯಿತು. ಹೀಗೆ ಬಂದ ನೋವು ಎಳೆಯುವ ಕೈಯಲ್ಲಿಯೇ ಇರುವುದು, ಗುರುತಿಸುವುದು ಸುಲಭ. ಮುಂಚೆಯೇ ಗಾಳಿ ತುಂಬಿಟ್ಟ ಸಿಲಿಂಡರಿನ ಬಂದೂಕಿನಲ್ಲಿ ಈ ಶ್ರಮವಿಲ್ಲ. ಆದರೆ ಸಿಲಿಂಡರನ್ನು ಕೈಪಂಪಿನಿಂದ ತುಂಬುವ ಕೆಲಸವನ್ನು ಒಬ್ಬಳೇ ಹುಡುಗಿಗೆ ವಹಿಸಿದರೆ ಅಲ್ಲಿಯೂ ಅದೇ ಫಲ.

ಎರಡನೆಯದು, ಭಾರವನ್ನು ಮೂಳೆಯ ಮೇಲೆ ಇಡದೆ ಸ್ನಾಯುವಿನ ಮೇಲೆ ಇಡುವುದು. ಬಲಗೈಯವರು ಬಂದೂಕನ್ನು ಎಡಗೈಯ ಮೇಲೆ ಇರಿಸುವರಷ್ಟೆ. ಆಗ ಎಡ ಮೊಣಕೈಯು ಸೊಂಟದ ಮೂಳೆಗೋ ಪಕ್ಕೆಗೋ ಒರಗಿ, ಮುಂಗೈಯು ಕಂಬದಂತೆ ನೆಟ್ಟಗೆ ಬಂದೂಕಿನ ಕೆಳಗೆ ನಿಲ್ಲಬೇಕು. ನಿಯಮಗಳೂ ಇದಕ್ಕೆ ಒಪ್ಪಿಗೆ ಕೊಡುತ್ತವೆ. ಹೀಗೆ ನಿಂತಾಗ ಭಾರವು ಮೂಳೆಗಳ ಮೂಲಕ ನೆಲಕ್ಕೆ ಇಳಿಯುವುದು. ಮೊಣಕೈ ಗಾಳಿಯಲ್ಲಿ ತೂಗಾಡಿದರೆ ತೋಳೇ ಭಾರವನ್ನು ಹೊರಬೇಕು. ಮಣಿಕಟ್ಟು ಹಿಂದಕ್ಕೆ ಬಾಗಿದರೆ ಒಳಗಣ ಸ್ನಾಯುಗಳು ಬಿಡುವಿಲ್ಲದೆ ಜಗ್ಗಲ್ಪಡುವುವು.

ಮೂರನೆಯದು, ಬಲಗೈಯ ಬಿಗಿಹಿಡಿತ. ಹೊಸಬರು ಹಿಡಿಯನ್ನು ಹಗ್ಗದಂತೆ ಗಟ್ಟಿಯಾಗಿ ಹಿಡಿದು, ಮೊಣಕೈಯನ್ನು ಹಕ್ಕಿಯ ರೆಕ್ಕೆಯಂತೆ ಮೇಲೆತ್ತುವರು. ಟ್ರಿಗರನ್ನು ಎಳೆಯುವ ಬೆರಳೊಂದಕ್ಕೆ ಅಷ್ಟು ಬಲ ಬೇಕಿಲ್ಲ. ಬಿಗಿಹಿಡಿತದಿಂದ ಹೊರಗಣ ಗುಬುಟಿನಲ್ಲಿ ನೋವೂ ಬರುವುದು, ಗುಂಡೂ ತಪ್ಪುವುದು.

ನಾಲ್ಕನೆಯದು, ಅಳತೆ ಮೀರಿದ ಬಂದೂಕು. ದೊಡ್ಡ ಗಂಡಸಿನ ತೋಳಿಗೆ ಸರಿಯಾದ ಬಂದೂಕನ್ನು ಹದಿಮೂರು ವರ್ಷದ ಬಾಲಿಕೆಗೆ ಕೊಟ್ಟರೆ, ಅವಳ ಕೈ ಹಿಡಿಯನ್ನು ಮುಟ್ಟಲು ಚಾಚಿಕೊಳ್ಳಬೇಕು. ಮುಂಭಾರವನ್ನು ತಡೆಯಲು ಬೆನ್ನನ್ನು ಹಿಂದಕ್ಕೆ ವಾಲಿಸಬೇಕು. ಈ ಆಟದಲ್ಲಿ ಸೊಂಟನೋವು ಕಾಣುವುದಕ್ಕೂ ಇಂತಹ ನಿಲುವು ಒಂದು ಕಾರಣ. ಉದ್ದವನ್ನು ಹೊಂದಿಸಬಹುದಾದ ಬಂದೂಕುಗಳು ದೊರೆಯುತ್ತವೆ. ಬಾಲಿಕೆಯನ್ನು ಬಂದೂಕಿಗೆ ಹೊಂದಿಸದೆ ಬಂದೂಕನ್ನು ಬಾಲಿಕೆಗೆ ಹೊಂದಿಸಬೇಕು. ಅವನಿ ಲೇಖರಾ ಎಂಬ ತರುಣಿಯು ಗಾಲಿಕುರ್ಚಿಯಲ್ಲಿ ಕುಳಿತು ಗುರಿಯಿಟ್ಟು, 2021ರಲ್ಲಿ ನಡೆದ ಟೋಕಿಯೋ ಪ್ಯಾರಾಲಿಂಪಿಕ್ಸಿನಲ್ಲಿಯೂ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿಯೂ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಚಿನ್ನವನ್ನು ಗೆದ್ದರು. ದೇಹಕ್ಕೆ ತಕ್ಕ ಆಸನವೂ ಸಾಧನವೂ ದೊರೆತರೆ ಎಷ್ಟು ದೂರ ಸಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಐದನೆಯದು ನರಕ್ಕೆ ಸಂಬಂಧಿಸಿದುದು. ಬಾಗಿಲಂಚಿಗೆ ಮೊಣಕೈ ತಾಕಿದಾಗ ಕಿರುಬೆರಳಿನ ತನಕ ಜುಮ್ಮೆನ್ನುವುದಲ್ಲವೆ? ಒಳಗಣ ಗುಬುಟಿನ ಹಿಂದೆ ಚರ್ಮದ ಕೆಳಗೇ ಹಾಯುವ ನರವೇ ಅದಕ್ಕೆ ಕಾರಣ. ಮೊಣಕೈಯನ್ನು ಬಹಳ ಹೊತ್ತು ಮಡಿಸಿಟ್ಟರೆ ಆ ನರವು ಜಗ್ಗುವುದು. ಗಟ್ಟಿಯಾದ ಜಾಕೆಟ್ಟಿನ ಮಡಿಕೆಯು ಅದನ್ನು ಒತ್ತಲೂ ಬಹುದು. ಆಗ ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿಯುವುವು. ಈ ಲಕ್ಷಣವನ್ನು ಎಂದೂ ಅಲಕ್ಷಿಸಕೂಡದು.

ನೋವು ಬಂದಾಗ ಮಾಡತಕ್ಕದ್ದೇನು? ನೋವು ಅಲ್ಪವಾಗಿದ್ದರೆ ಗುಂಡುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ, ನಳಿಕೆ ಎಳೆಯುವ ಕೆಲಸವನ್ನು ಕೆಲವು ದಿನ ಇನ್ನೊಬ್ಬರಿಗೆ ವಹಿಸಬೇಕು. ಬಂದೂಕನ್ನು ಪ್ರತಿ ಗುಂಡಿನ ನಡುವೆಯೂ ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಅಭ್ಯಾಸದ ಮಾರನೆಯ ಬೆಳಗ್ಗೆ ನೋವು ಹೆಚ್ಚಿರದಿದ್ದರೆ ಆ ಪ್ರಮಾಣವು ಸರಿಯೆಂದೂ, ಹೆಚ್ಚಿದ್ದರೆ ಅತಿಯಾಯಿತೆಂದೂ ತಿಳಿಯಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಟ್ಟರೆ ನೋವು ತಗ್ಗುವುದು. ಅದು ಸವೆದ ರಜ್ಜುವನ್ನು ಸರಿಪಡಿಸಲಾರದು.

ರಜ್ಜುವನ್ನು ಸರಿಪಡಿಸುವುದು ಹದವಾದ ಕೆಲಸವೇ. ಮುಂಗೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಟ್ಟು, ಅದರ ಹಿಂಬದಿಯನ್ನು ಇನ್ನೊಂದು ಕೈಯಿಂದ ತಡೆದು, ಅಲುಗಾಡದಂತೆ ಮೂವತ್ತು ಸೆಕೆಂಡು ಮೇಲಕ್ಕೆ ಒತ್ತಬೇಕು. ಹೀಗೆ ನಾಲ್ಕೈದು ಸಲ. ಇದು ನೋವಿಲ್ಲದೆ ಸಾಗಿದ ಮೇಲೆ, ಅರ್ಧ ಲೀಟರ್ ನೀರಿನ ಬಾಟಲಿಯನ್ನು ಹಿಡಿದು, ಮಣಿಕಟ್ಟನ್ನು ಇನ್ನೊಂದು ಕೈಯ ಸಹಾಯದಿಂದ ಎತ್ತಿ, ಬಹು ಮೆಲ್ಲಗೆ ಕೆಳಕ್ಕೆ ಇಳಿಸಬೇಕು. ಹತ್ತು ಹದಿನೈದರಂತೆ ಮೂರು ಸುತ್ತು. ಅರ್ಧ ಕಿಲೋ ಭಾರವು ಅತ್ಯಲ್ಪವೆಂದು ತೋರಿದರೂ ಫಲವನ್ನು ಆರರಿಂದ ಹನ್ನೆರಡು ವಾರ ಕಾದು ನೋಡಬೇಕು. ಇಲ್ಲಿ ತಾಳ್ಮೆಗೆ ಸಮನಾದ ಔಷಧವಿಲ್ಲ.

ಶೀಘ್ರ ಪರಿಹಾರವನ್ನು ಬಯಸಿ ಮೊಣಕೈಗೆ ಸ್ಟೆರಾಯಿಡ್ ಇಂಜೆಕ್ಷನ್ ಹಾಕಿಸುವುದುಂಟು. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ 198 ಮಂದಿ ವಯಸ್ಕರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇಂಜೆಕ್ಷನ್ ಪಡೆದವರು ಆರು ವಾರಗಳಲ್ಲಿ ಎಲ್ಲರಿಗಿಂತ ಮುಂದಿದ್ದರು. ಒಂದು ವರ್ಷದ ಮೇಲೆ ಎಲ್ಲರಿಗಿಂತ ಹಿಂದಿದ್ದರು. ವ್ಯಾಯಾಮ ಚಿಕಿತ್ಸೆ ಪಡೆದವರೂ ಸುಮ್ಮನೆ ಕಾದವರೂ ವರ್ಷದ ಕೊನೆಗೆ ಬಹುಮಟ್ಟಿಗೆ ಒಂದೇ ಬಗೆಯಾಗಿ ಗುಣಹೊಂದಿದ್ದರು. ಪಂದ್ಯದ ಹಿಂದಿನ ವಾರ ನೋವನ್ನು ಅಡಗಿಸಲು ಆತುರಪಡುವವರು ಇದನ್ನು ನೆನೆಯಬೇಕು.

ಬೆಳೆಯುವ ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯನ್ನು ಪೋಷಕರು ಮನಸ್ಸಿನಲ್ಲಿಡಬೇಕು. ಹದಿಹರೆಯದ ನಡುಗಾಲದ ತನಕ ಮೊಣಕೈಯ ಗುಬುಟುಗಳು ಮೂಳೆಯೊಡನೆ ಪೂರ್ಣವಾಗಿ ಬೆಸೆದಿರುವುದಿಲ್ಲ. ನಡುವೆ ಮೆದುವಾದ ಬೆಳೆಯುವ ಪದರವಿರುವುದು. ದೊಡ್ಡವರಲ್ಲಿ ರಜ್ಜು ನೋಯುವ ಸ್ಥಳದಲ್ಲಿ ಮಕ್ಕಳಲ್ಲಿ ಈ ಪದರವೇ ಘಾಸಿಗೊಳ್ಳಬಹುದು. ಆದುದರಿಂದ ಬಾಲಿಕೆಯ ಮೊಣಕೈಯನ್ನು ಎಳೆಸುವುದು, ಬಲವಾಗಿ ತೀಡಿಸುವುದು ಸಲ್ಲದು. ನೋವು ಎರಡು ವಾರ ಮೀರಿದರೆ, ರಾತ್ರಿ ನಿದ್ದೆಗೆಡಿಸಿದರೆ, ಕೈ ಪೂರ್ತಿ ಚಾಚದಿದ್ದರೆ, ಊದಿಕೊಂಡರೆ, ಬೆರಳು ಜೋಮು ಹಿಡಿದರೆ ಅಥವಾ ಲೋಟ ಹಿಡಿಯುವ ಶಕ್ತಿ ಕುಂದಿದರೆ ಮೂಳೆ ವೈದ್ಯರಿಗೆ ತೋರಿಸತಕ್ಕದ್ದು.

ಕಲಿಸುವವರಿಗೂ ಒಂದು ಮಾತು. ರಜೆಯ ಮೇಲೆ ಬಂದ ಹುಡುಗಿಯನ್ನು ಮೊದಲ ದಿನವೇ 60 ಗುಂಡು ಹಾರಿಸಲು ನಿಲ್ಲಿಸಬಾರದು. ಇಪ್ಪತ್ತರಿಂದ ಆರಂಭಿಸಿ ವಾರವಾರವೂ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ಗುಂಡಿಲ್ಲದೆ ನಿಲುವನ್ನೂ ಉಸಿರನ್ನೂ ಟ್ರಿಗರನ್ನೂ ಅಭ್ಯಸಿಸುವ ದಿನಗಳು ನಡುವೆ ಇರಲಿ. ಆ ದಿನಗಳಲ್ಲಿ ನಳಿಕೆ ಎಳೆಯುವ ಶ್ರಮವು ಉಳಿಯುವುದು. ಎಲ್ಲಕ್ಕಿಂತ ಮಿಗಿಲಾಗಿ, ನೋವೆಂದು ಹೇಳಿಕೊಂಡ ಬಾಲಿಕೆಯನ್ನು ಹೇಡಿಯೆಂದು ಎಣಿಸದೆ, ಅವಳ ಸ್ಥಾನವು ತಂಡದಲ್ಲಿ ಭದ್ರವಾಗಿದೆಯೆಂದು ಭರವಸೆ ಕೊಡಬೇಕು. ಈ ಭರವಸೆಯಿಲ್ಲದ ಕಡೆ ನೋವು ಬಚ್ಚಿಡಲ್ಪಡುವುದು. ಬಚ್ಚಿಟ್ಟ ನೋವು ಬಲಿಯುವುದು. ಕೊನೆಗೆ ಒಂದು ವಾರದ ವಿಶ್ರಾಂತಿಯಿಂದ ಮುಗಿಯಬೇಕಾದುದು ಒಂದು ವರ್ಷವನ್ನು ನುಂಗುವುದು.

ನೋವು ದೇಹದ ಭಾಷೆ. ಅದನ್ನು ಸಕಾಲದಲ್ಲಿ ಕೇಳಿ, ಹಿಡಿತವನ್ನು ಸಡಿಲಿಸಿ, ನಿಲುವನ್ನು ತಿದ್ದಿಕೊಂಡ ಹುಡುಗಿಯು ಬಹುಕಾಲ ಗುರಿಯಿಡಬಲ್ಲಳು. ತಾಯ್ತಂದೆಗಳು ಮಕ್ಕಳ ಕೈಯಿಂದ ಬಂದೂಕನ್ನು ಕಸಿದುಕೊಳ್ಳುವ ಮೊದಲು ಒಂದು ಸಂಜೆ ಅವರ ಅಭ್ಯಾಸವನ್ನು ಬಂದು ನೋಡಲಿ, ಅವರ ಮೊಣಕೈ ಎಲ್ಲಿ ಒರಗಿದೆಯೆಂದು ಗಮನಿಸಲಿ ಎಂದು ನಾವು ವಿನಯಪೂರ್ವಕವಾಗಿ ಬೇಡುತ್ತೇವೆ.