ಒಂದು ರಾತ್ರಿಯ ಕಾಲ್ನಡಿಗೆಗೆ ಬೇಕಾದ ಸಾಮಗ್ರಿಗಳು: ವರ್ತಕರು ತಿಳಿದಿರಬೇಕಾದ ಅಂಶಗಳು

ತುಂಗಭದ್ರೆಯ ದಡದಲ್ಲಿರುವ ಹುಲಿಗಿ ಗ್ರಾಮಕ್ಕೆ ಪ್ರತಿ ಹುಣ್ಣಿಮೆಯಂದು ಜನಸಾಗರವೇ ಹರಿದು ಬರುತ್ತದೆ. ಮುನಿರಾಬಾದಿನವರೆಗೆ ರೈಲಿನಲ್ಲಿ ಬರುವವರಲ್ಲದೆ ಕಾಲ್ನಡಿಗೆಯಲ್ಲಿಯೇ ಬಂದು ಹುಲಿಗೆಮ್ಮನ ದರ್ಶನ ಪಡೆಯುವವರೂ ಉಂಟು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ನಡೆದು ಬರುವವರು ದಾರಿಯಲ್ಲಿ ಒಂದೆರಡು ರಾತ್ರಿ ತಂಗಲೇಬೇಕು. ಮಾರ್ಗಶಿರ ಮಾಸದಲ್ಲಿ ಅಂಜನಾದ್ರಿಯ 575 ಮೆಟ್ಟಿಲುಗಳನ್ನೇರುವ ಹನುಮಮಾಲಾಧಾರಿಗಳು, ಆನೆಗೊಂದಿ ಹಾಗೂ ಸಾಣಾಪುರದ ಬಂಡೆಗಳನ್ನೇರಲು ಬರುವ ಯುವಜನರು ಇವರೊಡನೆ ಸೇರುತ್ತಾರೆ. ಇವರೆಲ್ಲರಿಗೂ ಬೇಕಾದ ಸಾಮಗ್ರಿ ಬಹುಮಟ್ಟಿಗೆ ಒಂದೇ. ಆದರೆ ಹಿಮಾಲಯದ ಚಾರಣಕ್ಕೆಂದು ಸಿದ್ಧವಾದ ದುಬಾರಿ ಸರಕನ್ನು ತರಿಸಿಟ್ಟರೆ ವರ್ತಕರ ಬಂಡವಾಳ ಕಪಾಟಿನಲ್ಲಿಯೇ ಉಳಿಯುವುದು. ನಮ್ಮ ಹವೆ, ನಮ್ಮ ದಾರಿ, ನಮ್ಮ ಗ್ರಾಹಕರಿಗೆ ತಕ್ಕ ದಾಸ್ತಾನು ಯಾವುದೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಪಾದರಕ್ಷೆ

ನಡೆಯುವವರಿಗೆ ಮೊದಲ ಶತ್ರು ಕಾಲಿನ ಬೊಬ್ಬೆ. ದಿನವಿಡೀ ನಡೆದಾಗ ಪಾದ ಸ್ವಲ್ಪ ಊದುವುದರಿಂದ, ಸಂಜೆಯ ವೇಳೆಯಲ್ಲಿ, ನಡೆಯುವಾಗ ಧರಿಸುವ ಕಾಲುಚೀಲ ಹಾಕಿಸಿಯೇ ಅಳತೆ ನೋಡುವುದು ಲೇಸು. ಬೆರಳುಗಳ ಮುಂದೆ ಹೆಬ್ಬೆರಳಿನಗಲದಷ್ಟು ಜಾಗ ಉಳಿದಿರಬೇಕು. ಹೊಸ ಜೋಡು ಧರಿಸಿ ನೇರವಾಗಿ ಯಾತ್ರೆಗೆ ಹೊರಡದೆ, ಎರಡು ವಾರ ಮೊದಲೇ ಕೊಂಡು ರೂಢಿಸಿಕೊಳ್ಳುವಂತೆ ಗ್ರಾಹಕರಿಗೆ ತಿಳಿಸಬೇಕು. ಆದ್ದರಿಂದ ಈ ಸರಕು ಅಂಗಡಿಗೆ ಬರಬೇಕಾದುದು ಜಾತ್ರೆಯ ಮುನ್ನಾದಿನವಲ್ಲ, ಅದಕ್ಕೆ ಒಂದು ತಿಂಗಳ ಮೊದಲು. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗಳ ಮೇಲೆ ಶೇ. 5ರ ಜಿಎಸ್‌ಟಿ ಇದ್ದು, ಅದನ್ನು ಮೀರಿದವುಗಳಿಗೆ ಶೇ. 18 ಆಗಿರುವುದನ್ನು ಖರೀದಿಯ ವೇಳೆ ಗಮನಿಸತಕ್ಕದ್ದು.

ಬೆನ್ನುಚೀಲ

ಒಂದು ರಾತ್ರಿಗೆ 35ರಿಂದ 45 ಲೀಟರ್ ಗಾತ್ರದ ಚೀಲ ಸಾಕು. ಸೊಂಟಪಟ್ಟಿ ಗಟ್ಟಿಯಾಗಿದ್ದರೆ ಭಾರದ ಹೆಚ್ಚಿನ ಪಾಲು ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ. ಒಳ್ಳೆಯ ಚೀಲದ ಲಕ್ಷಣವೇ ಇದು. ಅಂಗಡಿಯಲ್ಲಿ ಖಾಲಿ ಚೀಲ ತೂಗುಹಾಕಿ ತೋರಿಸುವುದಕ್ಕಿಂತ ನಾಲ್ಕು ನೀರಿನ ಬಾಟಲಿ ತುಂಬಿಸಿ ಹೊರಿಸಿ ನೋಡಿಸುವುದು ಉತ್ತಮ. ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆ. ನಮ್ಮ ಬಿಸಿಲುನಾಡಿನಲ್ಲಿ ಮೂರು-ನಾಲ್ಕು ಲೀಟರ್ ಹೊರುವುದು ಅನಿವಾರ್ಯವಾದುದರಿಂದ ಉಳಿದ ಸಾಮಗ್ರಿ ಹಗುರವಾಗಿರಲೇಬೇಕು.

ಹಾಸು ಹೊದಿಕೆ

ಮಲಗುವ ಚೀಲದ ಚೀಟಿಯಲ್ಲಿ ಸಾಮಾನ್ಯವಾಗಿ ಮೂರು ಉಷ್ಣಾಂಶಗಳಿರುತ್ತವೆ: ಸುಖಕರ, ಮಿತಿ ಮತ್ತು ಅತಿ. ಕೊನೆಯದು ಪ್ರಾಣ ಉಳಿಸುವ ಅಂಕಿಯೇ ಹೊರತು ನಿದ್ರೆಯ ಅಂಕಿಯಲ್ಲ. ಗ್ರಾಹಕರಿಗೆ ತೋರಿಸಬೇಕಾದುದು ಮೊದಲನೆಯದು. ಕೊಪ್ಪಳ ಸೀಮೆಯ ಚಳಿಗೆ 10ರಿಂದ 15 ಡಿಗ್ರಿ ಸೆಲ್ಸಿಯಸ್ ಸೂಚಿಸುವ ಹಗುರ ಚೀಲ ಸಾಕಾಗುತ್ತದೆ. ಹಿಮಪ್ರದೇಶದ ಚೀಲ ಇಲ್ಲಿ ಬೆವರಿಳಿಸುತ್ತದೆ. ತೇವವಾದರೂ ಬೆಚ್ಚಗಿಡುವ ನಮ್ಮ ಉಣ್ಣೆಯ ಕಂಬಳಿ ತೂಕ ಹೆಚ್ಚಾದರೂ ಇಂದಿಗೂ ಉಪಯುಕ್ತವೇ. ಗುಡಿ, ಶಾಲೆಗಳ ಜಗಲಿಯಲ್ಲಿ ಮಲಗುವವರಿಗೆ ಡೇರೆಗಿಂತ ತೆಳುವಾದ ಹಾಸು ಮತ್ತು ಸೊಳ್ಳೆಪರದೆ ಹೆಚ್ಚು ಅಗತ್ಯ.

ದೀಪ ಮತ್ತು ಸುರಕ್ಷತೆ

ಹೊಸಪೇಟೆ–ಕುಷ್ಟಗಿ ಹೆದ್ದಾರಿಯ ಅಂಚಿನಲ್ಲಿ ಕತ್ತಲೆಯಲ್ಲಿ ನಡೆಯುವವರು ಲಾರಿ ಚಾಲಕರ ಕಣ್ಣಿಗೆ ಬೀಳುವುದೇ ಕಷ್ಟ. ಎರಡೂ ಕೈ ಬಿಡುವಾಗಿರಿಸುವ ತಲೆದೀಪ, ಬೆಳಕು ಬಿದ್ದೊಡನೆ ಹೊಳೆಯುವ ಪಟ್ಟಿ, ಇವೆರಡೂ ಅಲ್ಪ ಬೆಲೆಯವು. ಆದರೆ ಜೀವ ಉಳಿಸುವಂಥವು. ಚೀಲದ ಬೆನ್ನಿಗೆ ಇಂಥ ಪಟ್ಟಿ ಹೊಲಿಯುವುದು, ಟಾರ್ಪಾಲಿನ ಹಾಸು, ಸೊಳ್ಳೆಪರದೆ, ಚೀಲದ ಮಳೆಹೊದಿಕೆ ತಯಾರಿಸುವುದು ನಾಲ್ಕಾರು ಹೊಲಿಗೆ ಯಂತ್ರಗಳುಳ್ಳ ಸಣ್ಣ ಘಟಕಗಳಿಗೂ ಸಾಧ್ಯವಿರುವ ಕೆಲಸ. ಈ ಬಗ್ಗೆ ನಮ್ಮ ಉದ್ಯಮಿಗಳು ಯೋಚಿಸಬಹುದು.

ಬಾಡಿಗೆಯ ವ್ಯವಹಾರ

ವರ್ಷಕ್ಕೊಮ್ಮೆ ಬಳಸುವ ಡೇರೆಯನ್ನು ಎಲ್ಲರೂ ಕೊಳ್ಳಲಾರರು. ಹಂಪಿ–ಆನೆಗೊಂದಿ ಪರಿಸರದಲ್ಲಿ ಬಂಡೆಯೇರುವವರು ಕೆಳಗೆ ಹಾಸುವ ದಪ್ಪ ಮೆತ್ತೆಗಳನ್ನು ಸ್ಥಳದಲ್ಲಿಯೇ ಬಾಡಿಗೆಗೆ ಪಡೆಯುವುದು ರೂಢಿ. ಅದೇ ಕ್ರಮವನ್ನು ಡೇರೆ, ಮಲಗುವ ಚೀಲಗಳಿಗೂ ಅನ್ವಯಿಸಬಹುದು. ಪ್ರತಿ ಬಾಡಿಗೆಯ ನಂತರ ತೊಳೆದು ಒಣಗಿಸುವ ವೆಚ್ಚವನ್ನು ದರದಲ್ಲಿ ಸೇರಿಸಲು ಮರೆಯಬಾರದು. ಚಿರತೆ, ಕರಡಿಗಳ ಸಂಚಾರವಿರುವ ಗುಡ್ಡಗಳಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗಬಾರದೆಂಬ ಎಚ್ಚರಿಕೆಯನ್ನೂ ನೀಡಬೇಕು.

ಮಾತಿನ ಹೊಣೆ

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ, ತಯಾರಕರು ನೀಡದ ಭರವಸೆಯನ್ನು ಮಾರಾಟಗಾರನೇ ಸ್ವತಃ ನೀಡಿ, ಸರಕು ಅದಕ್ಕೆ ತಕ್ಕಂತಿಲ್ಲದೆ ಗ್ರಾಹಕನಿಗೆ ಹಾನಿಯಾದರೆ ಹೊಣೆ ಮಾರಾಟಗಾರನ ಮೇಲೂ ಬರಬಹುದು. ಹನಿ ಮಳೆ ತಡೆಯುವ ಡೇರೆಯನ್ನು ‘ಎಂಥ ಮಳೆಗೂ ಜಗ್ಗದು’ ಎಂದು ಹೇಳಿ ಮಾರುವುದು ಅಪಾಯಕರ. ಪೊಟ್ಟಣದ ಸರಕಿನ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಹಾಗೂ ಗರಿಷ್ಠ ಮಾರಾಟ ಬೆಲೆ ಮುದ್ರಿತವಾಗಿವೆಯೇ ಎಂಬುದನ್ನು ಪರೀಕ್ಷಿಸಿಯೇ ಸರಕು ಇಳಿಸಿಕೊಳ್ಳಬೇಕು.

ದೂರದಿಂದ ನಡೆದು ಬಂದವನ ಕಾಲು ನೋಯದಿದ್ದರೆ ಮರುವರ್ಷ ಅವನು ಅದೇ ಅಂಗಡಿಯನ್ನು ಹುಡುಕಿಕೊಂಡು ಬರುತ್ತಾನೆ, ಜೊತೆಗೆ ಊರಿನ ನಾಲ್ವರನ್ನು ಕರೆತರುತ್ತಾನೆ. ಈ ವ್ಯಾಪಾರದ ನಿಜವಾದ ಲಾಭ ಅದರಲ್ಲಿಯೇ ಅಡಗಿದೆ.